ಕಾರ್ನ್‌ಫ್ಲೇಕ್ಸ್ ಹಣ ಮತ್ತು ಏಳು ಕೌಂಟಿಗಳು

ಡೆಟ್ರಾಯಿಟ್ ಕಡೆಯಿಂದ ಶಿಕಾಗೋಗೆ ಐ-94 ಹೆದ್ದಾರಿಯಲ್ಲಿ ಹೋಗುವಾಗ ಹೆಚ್ಚು ಕಡಿಮೆ ಎರಡು ಗಂಟೆಯ ಹಾದಿ ಕಳೆದ ಮೇಲೆ ಬ್ಯಾಟಲ್ ಕ್ರೀಕ್ ಎಂಬ ಊರು ಸಿಗುತ್ತದೆ. ನಮ್ಮವರಲ್ಲಿ ಬಹುಮಂದಿ ಅಲ್ಲಿ ಕಾರಿಗೆ ಗ್ಯಾಸ್ ಹಾಕಿಸಿ, ಡಬ್ಬಿಯಲ್ಲಿ ತಂದ ಪುಳಿಯೋಗರೆ, ಮೊಸರನ್ನ ಮುಗಿಸಿ, ಮುಂದಕ್ಕೆ ಹೋಗಿಬಿಡುತ್ತೇವೆ. ಆದರೆ ಊರಿನ ಹೆಸರು ನಮಗೆ ಹೊಸದಲ್ಲ. ಕಾರ್ನ್‌ಫ್ಲೇಕ್ಸ್ ಡಬ್ಬದ ಮೇಲೆ ದಶಕಗಟ್ಟಲೆ ಅಚ್ಚಾಗಿದ್ದ ಹೆಸರು ಅದು. ಈ ದೇಶಕ್ಕೆ ಬಂದ ಹೊಸತರಲ್ಲಿ ಉಪ್ಪಿಟ್ಟು ಮಾಡಲೂ ಬಾರದ ಎಷ್ಟೋ ಬ್ರಹ್ಮಚಾರಿಗಳ ಪ್ರಾಣ ಉಳಿಸಿದ್ದು ಈ ಡಬ್ಬವೇ. ಅದಕ್ಕೆ ಕುದಿಯುವ ಹಾಲು ಸುರಿದು ಗಂಜಿ ಮಾಡಿಕೊಂಡು ಕುಡಿದವರೂ ಉಂಟು.

ಆ ಡಬ್ಬ ಮಾರಿ ಬಂದ ಹಣದ ಒಂದು ದೊಡ್ಡ ಪಾಲು ಎಲ್ಲಿಗೆ ಹೋಯಿತು ಎಂಬುದು ಅಷ್ಟಾಗಿ ಕೇಳಿಬರದ ಕಥೆ. 1930ರ ದಶಕದಲ್ಲಿ ಅದು ಬ್ಯಾಟಲ್ ಕ್ರೀಕಿನ ಸುತ್ತಮುತ್ತಲ ಏಳು ಕೌಂಟಿಗಳ ಹಳ್ಳಿಗಳಲ್ಲಿ ಖರ್ಚಾಯಿತು. ಖರ್ಚು ಮಾಡಿದ ರೀತಿ ಆ ಕಾಲಕ್ಕೆ ಬಹಳ ವಿಚಿತ್ರವಾದದ್ದು. ಹಳ್ಳಿಗೆ ಆಸ್ಪತ್ರೆ ಕಟ್ಟಿಸಿ ಹೆಸರು ಕೆತ್ತಿಸುವುದಕ್ಕಿಂತ ಮೊದಲು, ಹಳ್ಳಿಯ ಡಾಕ್ಟರು, ಮೇಷ್ಟ್ರು, ಪಂಚಾಯಿತಿ ಸದಸ್ಯರನ್ನು ಕೆಲವು ವಾರ ಯೂನಿವರ್ಸಿಟಿಗೆ ಕಳುಹಿಸಿದ ದಾನ ಅದು. ವರ್ಷಕ್ಕೊಮ್ಮೆ ಚಂದಾ ಎತ್ತಿ ತಾಯ್ನಾಡಿನ ಶಾಲೆಗೋ ಆಸ್ಪತ್ರೆಗೋ ಕಳುಹಿಸುವ ಅಭ್ಯಾಸ ನಮ್ಮ ಕೂಟಕ್ಕೂ ಇರುವುದರಿಂದ, ಈ ಕಥೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕೆನ್ನಿಸಿದೆ.

ವಿಲ್ ಕೀತ್ ಕೆಲ್ಲಾಗ್ ಹುಟ್ಟಿದ್ದು 1860ರಲ್ಲಿ. ತಂದೆಯದು ಪೊರಕೆ ಮಾಡುವ ಕಸುಬು. ಮನೆಯವರು ಸೆವೆಂತ್ ಡೇ ಅಡ್ವೆಂಟಿಸ್ಟ್ ಪಂಥದವರು. ಮಾಂಸ, ಮದ್ಯ, ಕಾಫಿ ಎಲ್ಲ ದೂರ. ಹುಡುಗ ಶಾಲೆಯಲ್ಲಿ ಮಂದಬುದ್ಧಿಯವನೆಂದು ಎನ್ನಿಸಿಕೊಂಡ. ಕರಿಹಲಗೆಯ ಮೇಲೆ ಬರೆದದ್ದು ಅವನಿಗೆ ಕಾಣುತ್ತಿರಲಿಲ್ಲ ಎಂಬುದು ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಮಕ್ಕಳ ವೈದ್ಯನಾದ ನನಗೆ ಈ ಒಂದು ವಿವರ ಮರೆಯಲಾಗದು; ದೃಷ್ಟಿದೋಷವನ್ನು ದಡ್ಡತನವೆಂದು ತಿಳಿಯುವುದು ಇಂದಿಗೂ ನಿಂತಿಲ್ಲ. ಹುಡುಗ ಓದು ಬಿಟ್ಟು ಪೊರಕೆ ಮಾರಲು ಹೊರಟ.

ಅಣ್ಣ ಜಾನ್ ಹಾರ್ವಿ ಕೆಲ್ಲಾಗ್ ಇದಕ್ಕೆ ತದ್ವಿರುದ್ಧ. ಡಾಕ್ಟರಾಗಿ, 1876ರಲ್ಲಿ ಬ್ಯಾಟಲ್ ಕ್ರೀಕಿನ ಆರೋಗ್ಯಧಾಮದ ಮುಖ್ಯಸ್ಥರಾಗಿ, ದೇಶವೆಲ್ಲ ತಿರುಗಿ ನೋಡುವಷ್ಟು ಖ್ಯಾತಿ ಗಳಿಸಿದರು. ತಮ್ಮ ಅದೇ ಆರೋಗ್ಯಧಾಮದಲ್ಲಿ ಸುಮಾರು ಇಪ್ಪತ್ತೈದು ವರ್ಷ ಲೆಕ್ಕ ಬರೆಯುತ್ತಾ, ಸಾಮಾನು ತರಿಸುತ್ತಾ, ಗಿರಾಕಿಗಳ ದೂರು ಕೇಳುತ್ತಾ ಕಳೆದರು. ಅಣ್ಣ ಆವರಣದಲ್ಲಿ ಸೈಕಲ್ ಹೊಡೆಯುತ್ತಿದ್ದರೆ ತಮ್ಮ ಪಕ್ಕದಲ್ಲಿ ಓಡುತ್ತಾ ಅಪ್ಪಣೆಗಳನ್ನು ಬರೆದುಕೊಳ್ಳುತ್ತಿದ್ದರಂತೆ. 1894ರಲ್ಲಿ ರೋಗಿಗಳಿಗಾಗಿ ಬೇಯಿಸಿದ ಗೋಧಿ ಹಳಸಿ, ಅದನ್ನೇ ರೋಲರಿಗೆ ಕೊಟ್ಟಾಗ ಹಾಳೆ ಹಾಳೆಯಾಗಿ ಬಂದದ್ದು, ಅವಲಕ್ಕಿಯ ಈ ದೂರದ ದಾಯಾದಿ ಹುಟ್ಟಿದ್ದು, ಎಲ್ಲರಿಗೂ ಗೊತ್ತಿರುವ ವಿಷಯ. 1906ರಲ್ಲಿ ತಮ್ಮ ತನ್ನದೇ ಕಂಪನಿ ತೆರೆದರು. ಆಗ ಅವರಿಗೆ ಸುಮಾರು ನಲವತ್ತಾರು. ಆಮೇಲೆ ಅಣ್ಣತಮ್ಮಂದಿರು ಹೆಸರಿನ ಹಕ್ಕಿಗಾಗಿ ವರ್ಷಗಟ್ಟಲೆ ಕೋರ್ಟು ಹತ್ತಿದರು. ಆ ಜಗಳದ ಬಗ್ಗೆ ಪುಸ್ತಕಗಳೇ ಇವೆ, ನಮಗೆ ಇಲ್ಲಿ ಬೇಡ.

ನಮಗೆ ಬೇಕಾದದ್ದು ಇನ್ನೊಂದು ಘಟನೆ. ಕೆಲ್ಲಾಗರ ಮಗಳ ಮಗು, ಕೆನೆತ್ ಎಂಬ ಹುಡುಗ, ಮಹಡಿಯ ಕಿಟಕಿಯಿಂದ ಬಿದ್ದು ಶಾಶ್ವತವಾಗಿ ಅಂಗವಿಕಲನಾದ. ಮೊಮ್ಮಗನ ಚಿಕಿತ್ಸೆಗೆ ತಾತ ಖರ್ಚು ಮಾಡಲು ಹಿಂದೆಮುಂದೆ ನೋಡಲಿಲ್ಲ. ಆದರೂ ಆ ಕಡೆಯಲ್ಲಿ ಅಂಥ ಮಗುವನ್ನು ನೋಡಿಕೊಳ್ಳುವ ವ್ಯವಸ್ಥೆ ಸಿಗುವುದೇ ಕಷ್ಟವಾಯಿತು. ಹಣವಿರುವ ತನಗೇ ಈ ಗತಿಯಾದರೆ ಇಲ್ಲದವರ ಪಾಡೇನು ಎಂಬ ಯೋಚನೆ ತನ್ನನ್ನು ಹಿಡಿಯಿತೆಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ.

1930ರ ಜೂನ್ ತಿಂಗಳಿನಲ್ಲಿ, ಎಪ್ಪತ್ತನೆಯ ವಯಸ್ಸಿನಲ್ಲಿ, ಅವರು ಮಕ್ಕಳ ಕ್ಷೇಮಕ್ಕಾಗಿ ಒಂದು ಫೌಂಡೇಶನ್ ಸ್ಥಾಪಿಸಿದರು. ಅದೇ ವರ್ಷ ನವೆಂಬರಿನಲ್ಲಿ ಅಧ್ಯಕ್ಷ ಹೂವರ್ ಅವರು ಮಕ್ಕಳ ಆರೋಗ್ಯದ ಬಗ್ಗೆ ವಾಷಿಂಗ್ಟನ್ನಿನಲ್ಲಿ ಕರೆದಿದ್ದ ಸಮ್ಮೇಳನಕ್ಕೂ ಹೋಗಿಬಂದರು. ಮುಂದಿನ ವರ್ಷಗಳಲ್ಲಿ ಅವರು ಫೌಂಡೇಶನ್ನಿಗೆ ಬರೆದುಕೊಟ್ಟದ್ದು ಒಟ್ಟು 6 ಕೋಟಿ 60 ಲಕ್ಷ ಡಾಲರು, ಬಹುಪಾಲು ಕಂಪನಿಯ ಷೇರುಗಳ ರೂಪದಲ್ಲಿ. ಮಹಾಕುಸಿತದ ಕಾಲ ಅದು; ಬ್ಯಾಂಕುಗಳು ಬಾಗಿಲು ಹಾಕುತ್ತಿದ್ದವು. ಅದೇ 1930ರ ಡಿಸೆಂಬರಿನಲ್ಲಿ ಅವರ ಕಾರ್ಖಾನೆಯಲ್ಲಿ ಎಂಟು ಗಂಟೆಯ ಮೂರು ಪಾಳಿಗಳನ್ನು ಆರು ಗಂಟೆಯ ನಾಲ್ಕು ಪಾಳಿಗಳಾಗಿ ಒಡೆದು ಇನ್ನಷ್ಟು ಮನೆಗಳಿಗೆ ಕೆಲಸ ಕೊಟ್ಟರು. ಕಡಕ್ ಮನುಷ್ಯ, ನಗು ಕಡಿಮೆ, ಮನೆಯವರೊಡನೆಯೂ ಮಾತು ಕಡಿಮೆ ಎಂದು ಅವರನ್ನು ಬಲ್ಲವರು ಬರೆದಿದ್ದಾರೆ. ದಾನ ಮಾಡುವುದನ್ನೂ ಅವರು ಲೆಕ್ಕದ ಪುಸ್ತಕ ಎದುರಿಗಿಟ್ಟುಕೊಂಡೇ ಮಾಡಿದರು ಎಂದು ನನ್ನ ಊಹೆ.

ಇನ್ನು ಏಳು ಕೌಂಟಿಗಳ ವಿಷಯ. ಕೌಂಟಿ ಎಂದರೆ ನಮ್ಮ ತಾಲ್ಲೂಕಿಗೂ ಜಿಲ್ಲೆಗೂ ನಡುವಿನ ಗಾತ್ರದ್ದು ಎನ್ನಿ. ಬ್ಯಾರಿ, ಅಲೆಗನ್, ಈಟನ್, ವ್ಯಾನ್ ಬ್ಯೂರನ್, ಬ್ರಾಂಚ್, ಹಿಲ್ಸ್‌ಡೇಲ್, ಕ್ಯಾಲ್‌ಹೂನ್. ಕ್ಯಾಲ್‌ಹೂನಿನಲ್ಲಿ ಬ್ಯಾಟಲ್ ಕ್ರೀಕ್ ಇದೆ. ಉಳಿದವುಗಳಲ್ಲಿ ಬಹುಮಟ್ಟಿಗೆ ಹೊಲ, ತೋಟ, ಹಾಲಿನ ದನ, ಸಣ್ಣ ಪೇಟೆಗಳು. ಹಳ್ಳಿಯ ಶಾಲೆಯೆಂದರೆ ಒಂದೇ ಕೋಣೆ, ಒಬ್ಬರೇ ಟೀಚರು, ಎಂಟು ತರಗತಿ. ನಮ್ಮ ಏಕೋಪಾಧ್ಯಾಯ ಶಾಲೆಗಳ ನೆನಪಾಗುವುದಿಲ್ಲವೇ? ಬಾವಿಗೂ ಕಕ್ಕಸಿಗೂ ನಡುವೆ ಕೆಲವೇ ಮಾರು ದೂರ. ಗಂಟಲಮಾರಿ, ನಾಯಿಕೆಮ್ಮು, ಕ್ಷಯ ಎಲ್ಲ ಇದ್ದವು. ಡಾಕ್ಟರುಗಳೂ ಇದ್ದರು, ಆದರೆ ಮುದುಕರು, ಓದಿ ಮೂವತ್ತು ನಲವತ್ತು ವರ್ಷವಾದವರು, ರೈತ ಫೀಸಿಗೆ ಬದಲಾಗಿ ಕೋಳಿಯನ್ನೋ ಆಲೂಗಡ್ಡೆ ಮೂಟೆಯನ್ನೋ ಕೊಟ್ಟರೆ ತೆಗೆದುಕೊಳ್ಳುತ್ತಿದ್ದವರು.

ಇಲ್ಲಿ ಫೌಂಡೇಶನ್ 1931ರಲ್ಲಿ ಬ್ಯಾರಿ ಕೌಂಟಿಯಿಂದ ಕೆಲಸ ಹಿಡಿದು, ಒಂದೊಂದಾಗಿ ಏಳಕ್ಕೂ ವಿಸ್ತರಿಸಿತು. ಇದಕ್ಕೆ ಮಿಷಿಗನ್ ಸಮುದಾಯ ಆರೋಗ್ಯ ಯೋಜನೆ ಎಂದು ಹೆಸರು. ನಡೆಸಿದವರು ಸ್ಟುವರ್ಟ್ ಪ್ರಿಚರ್ಡ್ ಎಂಬ ವೈದ್ಯರು. ಮುಂದೆ ಫೌಂಡೇಶನ್ನಿನ ಹೊಣೆ ಎಮರಿ ಮಾರಿಸ್ ಎಂಬ ದಂತವೈದ್ಯರಿಗೆ ಬಂತು, ಎರಡು ದಶಕಕ್ಕೂ ಮೀರಿ ಅವರಲ್ಲೇ ಉಳಿಯಿತು. ಒಂದು ದೊಡ್ಡ ದತ್ತಿಯ ಚುಕ್ಕಾಣಿ ಹಲ್ಲಿನ ಡಾಕ್ಟರ ಕೈಯಲ್ಲಿ! ನಮ್ಮ ಕೂಟದ ದಂತವೈದ್ಯ ಮಿತ್ರರು ಇದನ್ನು ಗಮನಿಸಬೇಕು.

ಮೊದಲ ಕೆಲಸ ಪ್ರತಿ ಕೌಂಟಿಗೂ ಒಂದು ಆರೋಗ್ಯ ಇಲಾಖೆ. ಪೂರ್ಣಾವಧಿಯ ಒಬ್ಬ ಹೆಲ್ತ್ ಆಫೀಸರು, ಮನೆಮನೆಗೆ ಹೋಗುವ ನರ್ಸುಗಳು, ನೀರು ಮತ್ತು ಚರಂಡಿ ನೋಡುವ ಒಬ್ಬ ಇನ್ಸ್‌ಪೆಕ್ಟರು, ದಂತವೈದ್ಯರು. ಸಿಡುಬಿಗೆ ದಾಕು ಹಾಕಿಸುವುದು, ಗಂಟಲಮಾರಿಗೆ ಸೂಜಿ, ಶಾಲೆಯ ಮಕ್ಕಳ ತಪಾಸಣೆ. ಹಣ ಫೌಂಡೇಶನ್ನಿನದು, ಆದರೆ ಇಲಾಖೆ ಫೌಂಡೇಶನ್ನಿನದಲ್ಲ. ಆಗ ಕೌಂಟಿಯ ಆಡಳಿತ ನಡೆಸುತ್ತಿದ್ದ ಸೂಪರ್‌ವೈಸರುಗಳ ಬೋರ್ಡು, ಅಂದರೆ ಬಹುಪಾಲು ರೈತರೇ ತುಂಬಿದ್ದ ಸಭೆ, ಒಪ್ಪಿ ನಿರ್ಣಯ ಮಾಡಬೇಕು. ತೆರಿಗೆಯ ಹಣದಿಂದ ತನ್ನದೂ ಒಂದು ಪಾಲು ಹಾಕಬೇಕು. ಮೊದಮೊದಲು ಸಣ್ಣ ಪಾಲು. ವರ್ಷ ಹೋದಂತೆ ಅದು ಬೆಳೆದು ಫೌಂಡೇಶನ್ನಿನ ಪಾಲು ಕರಗಬೇಕು. ಮಹಾಕುಸಿತದ ನಡುವೆ ರೈತರಿಂದ ಈ ಮಾತಿಗೆ ಒಪ್ಪಿಗೆ ಪಡೆಯುವುದು ಸುಲಭದ ಕೆಲಸವಲ್ಲ. ಧರ್ಮಕ್ಕೆ ಬಂದದ್ದನ್ನು ಬೇಡವೆನ್ನುವವರು ಯಾರೂ ಇಲ್ಲ, ಕೈಯಿಂದ ಬಿಚ್ಚಬೇಕೆಂದಾಗಲೇ ಪ್ರಶ್ನೆಗಳು ಏಳುವುದು. ನರ್ಸಿಗೆ ಕಾರು ಯಾಕೆ? ಆಫೀಸರಿಗೆ ಇಷ್ಟು ಸಂಬಳ ಯಾಕೆ? ಆ ಪ್ರಶ್ನೆಗಳು ಏಳಲಿ ಎಂಬುದೇ ಷರತ್ತಿನ ಹಿಂದಿನ ಜಾಣತನ ಎಂದು ನನಗೆ ತೋರುತ್ತದೆ.

ಎರಡನೆಯ ಜಾಣತನ ಊರ ಡಾಕ್ಟರುಗಳನ್ನು ಎದುರು ಹಾಕಿಕೊಳ್ಳದಿದ್ದದ್ದು. ಹೊರಗಿನಿಂದ ಕ್ಯಾಂಪು ಹಾಕಿ ಪುಕ್ಕಟೆ ಚಿಕಿತ್ಸೆ ಕೊಟ್ಟಿದ್ದರೆ ಊರಿನ ಮುದುಕ ಡಾಕ್ಟರ ಹೊಟ್ಟೆಯ ಮೇಲೆ ಹೊಡೆದಂತಾಗುತ್ತಿತ್ತು, ಆತ ಮೊದಲ ದಿನದಿಂದಲೇ ಹಗೆಯಾಗುತ್ತಿದ್ದ. ಅದರ ಬದಲು ಮಕ್ಕಳನ್ನು ಅವರವರ ಮನೆಯ ಡಾಕ್ಟರ ಹತ್ತಿರವೇ ಕಳುಹಿಸಿ, ತಪಾಸಣೆಯ ಫೀಸನ್ನು ಫೌಂಡೇಶನ್ ಕೊಟ್ಟಿತು. ಬಡವರ ಮಕ್ಕಳ ಕಣ್ಣು, ಹಲ್ಲು, ಗಂಟಲು ಸರಿಪಡಿಸುವ ಖರ್ಚನ್ನೂ ಭರಿಸಿತು. ಆ ಕಾಲದ ಡಾಕ್ಟರುಗಳಿಗೆ ಟಾನ್ಸಿಲ್ ಕಂಡರೆ ಕೈ ಸುಮ್ಮನಿರುತ್ತಿರಲಿಲ್ಲ; ಇಂದಿನ ಲೆಕ್ಕದಲ್ಲಿ ಅವುಗಳಲ್ಲಿ ಎಷ್ಟೋ ಟಾನ್ಸಿಲ್‌ಗಳು ಸುಮ್ಮನೆ ಬಲಿಯಾದವು ಎನ್ನಲೇಬೇಕು.

ಆದರೆ ಮುದುಕ ಡಾಕ್ಟರು 1895ರ ವಿದ್ಯೆಯಿಂದ 1932ರ ಮಗುವನ್ನು ಪರೀಕ್ಷಿಸಿದರೆ ಪ್ರಯೋಜನವೇನು? ಇಲ್ಲಿಗೆ ಬರುತ್ತದೆ ಯೋಜನೆಯ ಹೂರಣ. ಫೌಂಡೇಶನ್ ಈ ಡಾಕ್ಟರುಗಳಿಗೆ ವಿದ್ಯಾರ್ಥಿವೇತನ ಕೊಟ್ಟು ಯೂನಿವರ್ಸಿಟಿಗಳಿಗೆ, ದೊಡ್ಡ ಆಸ್ಪತ್ರೆಗಳಿಗೆ ಅಲ್ಪಾವಧಿಯ ತರಬೇತಿಗೆ ಕಳುಹಿಸಿತು. ದಂತವೈದ್ಯರನ್ನೂ ಕಳುಹಿಸಿತು, ನರ್ಸುಗಳನ್ನೂ ಕಳುಹಿಸಿತು. ಊರಿನಲ್ಲಿ ಎಲ್ಲರ ಮುಂದೆ ‘ನನಗೆ ಗೊತ್ತಿಲ್ಲ’ ಎನ್ನಲಾರದ ಅರವತ್ತು ವರ್ಷದ ವೈದ್ಯರು, ಗುರುತಿನವರಿಲ್ಲದ ಪಟ್ಟಣದಲ್ಲಿ ಬೆಂಚಿನ ಮೇಲೆ ಕುಳಿತು ನೋಟ್ಸ್ ಬರೆದುಕೊಂಡರು. ವರ್ಷಕ್ಕೆ ಇಂತಿಷ್ಟು ಗಂಟೆ ಓದಿ ಪ್ರಮಾಣಪತ್ರ ತೋರಿಸದಿದ್ದರೆ ಲೈಸೆನ್ಸ್ ನವೀಕರಿಸಲಾಗದ ನಮ್ಮಂಥವರಿಗೆ ಇದು ಸಾಮಾನ್ಯ ಸಂಗತಿ. ಆಗ ಅಂಥ ಕಟ್ಟುಪಾಡು ಇರಲಿಲ್ಲ. ಒಮ್ಮೆ ಡಿಗ್ರಿ ಬಂದರೆ ಸಾಯುವವರೆಗೆ ಅದೇ ಬಂಡವಾಳ.

ಡಾಕ್ಟರುಗಳಷ್ಟೇ ಆಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಟೀಚರುಗಳು ಬೇಸಿಗೆ ರಜೆಯಲ್ಲಿ ಕಾಲೇಜಿಗೆ ಹೋದರು. ಶಾಲಾ ಸಮಿತಿಯ ಸದಸ್ಯರು, ಕೌಂಟಿಯ ಸೂಪರ್‌ವೈಸರುಗಳು, ಪಾದ್ರಿಗಳು, ಪತ್ರಿಕೆಯ ಸಂಪಾದಕರು, ಬಾಲಾಪರಾಧಿಗಳ ವಿಚಾರಣೆ ಮಾಡುವ ನ್ಯಾಯಾಧೀಶರು, ತಾಯಂದಿರ ಗುಂಪುಗಳು, ಎಲ್ಲರಿಗೂ ಅವರವರಿಗೆ ತಕ್ಕ ಪಾಠಗಳು ಏರ್ಪಾಡಾದವು. ಹಾಲು ಕರೆಯುವ ಹೊತ್ತಿಗೆ ಮನೆಗೆ ಓಡಬೇಕಾದ ರೈತನೊಬ್ಬ ಪ್ರೊಫೆಸರರ ಎದುರಿಗೆ ಕುಳಿತು, ಶಾಲೆಯ ಬಾವಿಯ ನೀರು ಯಾಕೆ ಕೆಡುತ್ತದೆ, ಇಪ್ಪತ್ತು ಸಣ್ಣ ಶಾಲೆಗಳ ಬದಲು ಒಂದು ಒಳ್ಳೆಯ ಶಾಲೆ ಇದ್ದರೆ ತೆರಿಗೆ ಎಷ್ಟು ಏರುತ್ತದೆ ಎಂದು ಚರ್ಚೆ ಮಾಡುವುದನ್ನು ಊಹಿಸಿಕೊಳ್ಳಿ. ಅಂಥವರು ಹಿಂತಿರುಗಿ ಬೋರ್ಡಿನ ಸಭೆಯಲ್ಲಿ ಕುಳಿತಾಗ, ನರ್ಸಿಗೆ ಕಾರು ಯಾಕೆಂದು ಕೇಳುವ ಪಕ್ಕದವನಿಗೆ ಉತ್ತರ ಹೇಳುವವರು ಬ್ಯಾಟಲ್ ಕ್ರೀಕಿನ ಅಧಿಕಾರಿಗಳಲ್ಲ, ಬೇಲಿಯಾಚೆಯ ನೆರೆಯವರು. ಈಗ ಎಲ್ಲ ಫೌಂಡೇಶನ್ನುಗಳೂ ‘ಸ್ಥಳೀಯ ನಾಯಕತ್ವ’ ಎಂದು ಜಪ ಮಾಡುತ್ತವೆ. ಆ ಮಾತಿಗೆ ಇದಕ್ಕಿಂತ ಒಳ್ಳೆಯ ಅರ್ಥ ನನಗೆ ತಿಳಿದಿಲ್ಲ.

ಕಟ್ಟಡಗಳೂ ಎದ್ದವು, ಇಲ್ಲವೆಂದಲ್ಲ. ಆಸ್ಪತ್ರೆಗಳು, ಹಳ್ಳಿ ಶಾಲೆಗಳನ್ನು ಒಟ್ಟುಗೂಡಿಸಿದ ದೊಡ್ಡ ಶಾಲೆಗಳು, ಪುಸ್ತಕ ಭಂಡಾರಗಳು, ಮಕ್ಕಳು ಹೋಗಿ ತಂಗುವ ಕೆರೆದಂಡೆಯ ಕ್ಯಾಂಪುಗಳು. ಬ್ಯಾಟಲ್ ಕ್ರೀಕಿನಲ್ಲಿ 1931ರಲ್ಲಿ ತೆರೆದ, ಕೆಲ್ಲಾಗರ ತಾಯಿಯ ಹೆಸರಿನ ಆನ್ ಜೆ. ಕೆಲ್ಲಾಗ್ ಶಾಲೆಯಲ್ಲಿ ಅಂಗವಿಕಲ ಮಕ್ಕಳೂ ಇತರ ಮಕ್ಕಳೂ ಒಂದೇ ಕಡೆ ಕಲಿಯತೊಡಗಿದರು. ಅಂಥ ಮಕ್ಕಳಿಗೂ ಶಾಲೆಯ ಹಕ್ಕು ಕೊಡುವ ಕಾನೂನನ್ನು ಅಮೆರಿಕದ ಕಾಂಗ್ರೆಸ್ ಮಾಡಿದ್ದು 1975ರಲ್ಲಿ ಎಂಬುದನ್ನು ನೆನೆದರೆ ಇದು ಎಷ್ಟು ಮುಂಚಿನ ಹೆಜ್ಜೆ ಎಂದು ತಿಳಿಯುತ್ತದೆ.

ಇದೇ ಹೊತ್ತಿಗೆ ನಮ್ಮ ಮೈಸೂರು ಸಂಸ್ಥಾನದಲ್ಲೂ ಇಂಥದೇ ಒಂದು ಪ್ರಯೋಗ ನಡೆದಿತ್ತೆಂಬುದು ನಮ್ಮವರಲ್ಲಿ ಅನೇಕರಿಗೆ ಆಶ್ಚರ್ಯವೆನಿಸಬಹುದು. ಅದರ ಹಣ ನ್ಯೂಯಾರ್ಕಿನ ರಾಕ್‌ಫೆಲರ್ ಫೌಂಡೇಶನ್ನಿನದು. ಈ ದೇಶದ ದಕ್ಷಿಣ ರಾಜ್ಯಗಳಲ್ಲಿ ಕೊಕ್ಕೆಹುಳುವಿನ ವಿರುದ್ಧ ಕೆಲಸ ಮಾಡಿ, ಕೌಂಟಿ ಆರೋಗ್ಯ ಇಲಾಖೆಗಳನ್ನು ಬೆಳೆಸಿದ ಸಂಸ್ಥೆ ಅದು. ಕೆಲ್ಲಾಗ್ ಯೋಜನೆಗೆ ಒಂದು ರೀತಿಯಲ್ಲಿ ಅಣ್ಣ. 1920ರ ದಶಕದ ಕೊನೆಯ ಹೊತ್ತಿಗೆ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, ಅದರ ನೆರವಿನಿಂದ ಮೈಸೂರಿನ ಸಾರ್ವಜನಿಕ ಆರೋಗ್ಯ ವ್ಯವಸ್ಥೆ ರೂಪುಗೊಂಡಿತು. ಮಂಡ್ಯದಲ್ಲಿ ಒಂದು ಹೆಲ್ತ್ ಯೂನಿಟ್, ಮುಂದೆ ಕ್ಲೋಸ್‌ಪೇಟೆಯಲ್ಲಿ, ಅಂದರೆ ಈಗಿನ ರಾಮನಗರದಲ್ಲಿ, ಇನ್ನೊಂದು. ಕನ್ನಂಬಾಡಿ ಕಟ್ಟೆಯ ನೀರು ನಾಲೆಯಲ್ಲಿ ಹರಿದು ಕಬ್ಬು, ಭತ್ತದ ಜೊತೆಗೆ ಮಲೇರಿಯಾವನ್ನೂ ತಂದಿದ್ದ ಕಾಲ ಅದು. ಈ ಹೆಲ್ತ್ ಯೂನಿಟ್ ಎಂಬ ಕಲ್ಪನೆಯೇ 1946ರ ಭೋರ್ ಸಮಿತಿಯ ವರದಿಯ ಮೂಲಕ ಹಾದು, 1952ರಿಂದ ಆರಂಭವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ದಾರಿಯಾಯಿತು. ಹಳ್ಳಿಯಲ್ಲಿ ಬೆಳೆದ ನಮ್ಮ ಪೀಳಿಗೆಯವರು ಪೋಲಿಯೋ ಹನಿ ನುಂಗಿದ್ದು ಬಹುಶಃ ಅಂಥದೊಂದು ಕೇಂದ್ರದ ಹಜಾರದಲ್ಲೇ.

ಎರಡರ ನಡುವೆ ಒಂದು ವ್ಯತ್ಯಾಸವುಂಟು. ಮೈಸೂರಿನಲ್ಲಿ ಒಪ್ಪಂದವಾದದ್ದು ಸಂಸ್ಥಾನದ ಸರ್ಕಾರದೊಡನೆ, ತರಬೇತಿ ಪಡೆದವರು ಸರ್ಕಾರದ ನೌಕರರು. ಆಡಳಿತ ದಕ್ಷವಾಗಿತ್ತು, ಕೆಲಸವೂ ಚೆನ್ನಾಗಿಯೇ ನಡೆಯಿತು. ಆದರೆ ಮದ್ದೂರಿನ ರೈತನನ್ನು ಯಾರೂ ‘ನೀನೆಷ್ಟು ಪಾಲು ಹಾಕುತ್ತೀಯ, ನಿನ್ನ ಅಭಿಪ್ರಾಯವೇನು’ ಎಂದು ಕೇಳುವ ಏರ್ಪಾಡು ಅದರಲ್ಲಿರಲಿಲ್ಲ. ಮಿಷಿಗನ್ನಿನ ರೈತನಿಗೆ ಆಗಲೇ ಒಂದು ಬೋರ್ಡು, ಒಂದು ವೋಟು, ಒಂದು ತೆರಿಗೆ ಚೀಟಿ ಇತ್ತು. ಫೌಂಡೇಶನ್ ಬಂದದ್ದು ಇದ್ದ ಮನೆಗೆ ದೀಪ ಹಚ್ಚಲು. ಆಸ್ಪತ್ರೆ ಎಂದರೆ ‘ಸರ್ಕಾರದ್ದು’ ಎಂದು ನಮ್ಮೂರಿನವರು ದೂರ ನಿಂತು ಮಾತಾಡುವುದಕ್ಕೆ ಇದೂ ಒಂದು ಕಾರಣವಿರಬಹುದೇ ಎಂದು ನಾನು ಬಹಳ ಸಲ ಯೋಚಿಸಿದ್ದೇನೆ.

ಯುದ್ಧದ ವರ್ಷಗಳಲ್ಲಿ ಮತ್ತು ಅದರ ನಂತರ ಫೌಂಡೇಶನ್ ಏಳು ಕೌಂಟಿಗಳಿಂದ ಹಂತಹಂತವಾಗಿ ಹೊರಬಂತು. ಹಣ ಕೊಡುವವರು ಹೊರಟ ಮೇಲೆಯೇ ಕೆಲಸದ ನಿಜವಾದ ಪರೀಕ್ಷೆ. ಕ್ಯಾಂಪುಗಳು, ಕಟ್ಟಡಗಳು ಕಾಲಕ್ರಮದಲ್ಲಿ ಕೈ ಬದಲಾಯಿಸಿದವು, ಕೆಲವು ಬೇರೆ ಉಪಯೋಗಕ್ಕೆ ಹೋದವು. ಆದರೆ ಆರೋಗ್ಯ ಇಲಾಖೆಗಳು? ಬ್ಯಾರಿ ಮತ್ತು ಈಟನ್ ಸೇರಿ ಒಂದೇ ಜಿಲ್ಲಾ ಇಲಾಖೆಯಾಗಿ ಇಂದಿಗೂ ಕೆಲಸ ಮಾಡುತ್ತಿವೆ. ಬ್ರಾಂಚ್ ಮತ್ತು ಹಿಲ್ಸ್‌ಡೇಲ್ ಪಕ್ಕದ ಸೇಂಟ್ ಜೋಸೆಫನ್ನು ಕೂಡಿಸಿಕೊಂಡಿವೆ. ವ್ಯಾನ್ ಬ್ಯೂರನ್ ಕ್ಯಾಸ್ ಕೌಂಟಿಯ ಜೊತೆಗಿದೆ. ಅಲೆಗನ್, ಕ್ಯಾಲ್‌ಹೂನ್ ಸ್ವತಂತ್ರವಾಗಿವೆ. ಏಳಕ್ಕೆ ಏಳೂ ಉಳಿದವು. ಎಲ್ಲ ಪುಣ್ಯವನ್ನೂ ಕೆಲ್ಲಾಗರ ಖಾತೆಗೇ ಹಾಕಲಾಗದು: ಮಿಷಿಗನ್ನಿನ ಕಾನೂನು, ಅದರಲ್ಲೂ 1978ರ ಆರೋಗ್ಯ ಸಂಹಿತೆ, ಪ್ರತಿ ಕೌಂಟಿಗೂ ಇಂಥ ಇಲಾಖೆ ಇರಲೇಬೇಕೆನ್ನುತ್ತದೆ. ಆದರೆ ಕಾನೂನು ಬರುವ ದಶಕಗಳ ಮೊದಲೇ ಇವರು ನಡೆಸಿ ತೋರಿಸಿದ್ದರು.

2020-21ರ ಕೋವಿಡ್ ಕಾಲದಲ್ಲಿ ಮಿಷಿಗನ್ನಿನ ಅನೇಕ ಕೌಂಟಿಗಳ ಸಭೆಗಳಲ್ಲಿ ಮಾಸ್ಕ್ ಆದೇಶದ ಮೇಲೆ ರಂಪವಾಯಿತು. ಹೆಲ್ತ್ ಆಫೀಸರುಗಳ ಮೇಲೆ ಜನ ಹರಿಹಾಯ್ದರು. ವೈದ್ಯನಾಗಿ ನನಗೆ ಅದನ್ನು ನೋಡಿ ಬಹಳ ಬೇಸರವಾಯಿತು. ಊರಿನವರ ಕೈಗೆ ಅಧಿಕಾರ ಕೊಟ್ಟರೆ ಅವರು ತಜ್ಞರ ಮಾತು ಕೇಳದಿರುವ ಅಧಿಕಾರವೂ ಅದರ ಜೊತೆಯಲ್ಲೇ ಹೋಗುತ್ತದೆ. ಇದಕ್ಕೆ ಮದ್ದು ನನ್ನಲ್ಲಿಲ್ಲ.

ಆಕ್ಷೇಪಣೆಗಳು ಇನ್ನೂ ಇವೆ. ಏಳು ಕೌಂಟಿಗಳನ್ನು ಆರಿಸಿದವರು, ಆರೋಗ್ಯ ಮೊದಲೋ ಶಾಲೆ ಮೊದಲೋ ಎಂದು ನಿಶ್ಚಯಿಸಿದವರು ಬ್ಯಾಟಲ್ ಕ್ರೀಕಿನ ಕೆಲವೇ ಗಂಡಸರು. ‘ನಾಯಕ’ ಎಂದು ಅವರು ಗುರುತಿಸಿದ್ದು ಆಗಲೇ ಕುರ್ಚಿಯಲ್ಲಿ ಕುಳಿತವರನ್ನು. ವ್ಯಾನ್ ಬ್ಯೂರನ್ನಿನ ಹಣ್ಣಿನ ತೋಟಗಳಿಗೆ ಸುಗ್ಗಿಯಲ್ಲಿ ಬಂದು ಹೋಗುವ ಕೂಲಿಯವರಿಗೆ ಕೌಂಟಿ ಬೋರ್ಡಿನಲ್ಲಿ ಜಾಗವಿರಲಿಲ್ಲ. ಕಪ್ಪು ಜನರು ಹೆಚ್ಚಾಗಿದ್ದ ಡೆಟ್ರಾಯಿಟಿನಂಥ ಪಟ್ಟಣಗಳ ಕಷ್ಟ ಈ ಹಳ್ಳಿ ಯೋಜನೆಯ ಎಲ್ಲೆಯ ಹೊರಗಿತ್ತು. ಫೌಂಡೇಶನ್ 2007ರಲ್ಲಿ ಜನಾಂಗ ತಾರತಮ್ಯದ ವಿರುದ್ಧ ಕೆಲಸ ಮಾಡುವುದನ್ನು ತನ್ನ ಘೋಷಿತ ಧ್ಯೇಯವಾಗಿ ಮಾಡಿಕೊಂಡಿತು. 2014ರಿಂದ ಅದರ ಮುಖ್ಯಸ್ಥೆಯಾಗಿರುವ ಲಾ ಜೂನ್ ಮಾಂಟ್ಗೊಮರಿ ಟ್ಯಾಬ್ರನ್ ಆ ಸ್ಥಾನಕ್ಕೆ ಬಂದ ಮೊದಲ ಮಹಿಳೆ, ಮೊದಲ ಆಫ್ರಿಕನ್ ಅಮೆರಿಕನ್.

ಯುದ್ಧದ ನಂತರದ ದಶಕಗಳಲ್ಲಿ ಫೌಂಡೇಶನ್ ದೊಡ್ಡದಾಯಿತು, ಲ್ಯಾಟಿನ್ ಅಮೆರಿಕಕ್ಕೂ ಹೋಯಿತು. ಯೂನಿವರ್ಸಿಟಿಗಳು, ಕಮ್ಯೂನಿಟಿ ಕಾಲೇಜುಗಳು, ಆಸ್ಪತ್ರೆ ಆಡಳಿತ ಎಂದು ದೇಶವ್ಯಾಪಿ ಕಾರ್ಯಕ್ರಮಗಳ ಕಡೆಗೆ ಹೊರಳಿತು. ಒಳ್ಳೆಯ ಕೆಲಸಗಳೇ, ಆದರೆ ಊರಿನ ಮುಖ ಮರೆಯಾಯಿತು. ಈಚೆಗೆ ಅದು ಮತ್ತೆ ಸ್ಥಳಗಳನ್ನು ಹಿಡಿದು ಕೆಲಸ ಮಾಡುವ ಪದ್ಧತಿಗೆ ಬಂದಿದೆ: ಮಿಷಿಗನ್, ಮಿಸಿಸಿಪ್ಪಿ, ನ್ಯೂ ಮೆಕ್ಸಿಕೋ, ನ್ಯೂ ಆರ್ಲಿಯನ್ಸ್, ಹೊರದೇಶಗಳಲ್ಲಿ ಮೆಕ್ಸಿಕೋ ಮತ್ತು ಹೈಟಿಯ ಕೆಲವು ಪ್ರದೇಶಗಳು. ಆರಿಸಿದ ಸ್ಥಳದಲ್ಲಿ ಕನಿಷ್ಠ ಒಂದು ಪೀಳಿಗೆಯ ಕಾಲ ನಿಲ್ಲುವುದೆಂಬ ಸಂಕಲ್ಪ. ಕಂಪನಿಯ ಕಥೆ ಬೇರೆ. ಅದು 2023ರಲ್ಲಿ ಎರಡಾಗಿ ಒಡೆಯಿತು, ಕಾರ್ನ್‌ಫ್ಲೇಕ್ಸಿನ ಅರ್ಧ 2025ರಲ್ಲಿ ಫೆರೇರೋ ಎಂಬ ಚಾಕಲೇಟಿನವರ ಪಾಲಾಯಿತು.

ಇದರ ನಡುವೆ ನನಗೆ ಬಹಳ ಹಿಡಿಸಿದ ಕೆಲಸ 1990ರ ದಶಕದ ಆರಂಭದ್ದು. ಮಿಷಿಗನ್ನಿನ ಊರೂರಿನಲ್ಲಿ, ಊರಿನವರೇ ಹಣ ಕೂಡಿಸಿ ನಡೆಸುವ ಸಮುದಾಯ ಫೌಂಡೇಶನ್ನುಗಳು ಎಂಬ ಸಣ್ಣ ದತ್ತಿಗಳಿವೆ. ಕೆಲ್ಲಾಗ್ ಫೌಂಡೇಶನ್ ಅವುಗಳಿಗೆ ಹೀಗೆಂದಿತು: ಸ್ಥಳೀಯರು ಮೊದಲು ದುಡ್ಡು ಕೂಡಿಸಲಿ, ನಾವು ಹತ್ತು ಲಕ್ಷ ಡಾಲರಿನವರೆಗೂ ಸೇರಿಸುತ್ತೇವೆ. ಆದರೆ ಅದರಿಂದ ಯುವಜನರಿಗಾಗಿ ಒಂದು ಕಾಯಂ ನಿಧಿ ಆಗಬೇಕು, ಮತ್ತು ಅದರ ಹಣ ಯಾರಿಗೆ ಕೊಡಬೇಕೆಂದು ಹೈಸ್ಕೂಲಿನ ಮಕ್ಕಳ ಒಂದು ಸಮಿತಿ ಸಲಹೆ ಮಾಡಬೇಕು. ಹೀಗೆ ರಾಜ್ಯದಲ್ಲಿ ಎಂಬತ್ತಕ್ಕೂ ಹೆಚ್ಚು ಯುವ ಸಲಹಾ ಸಮಿತಿಗಳು ಹುಟ್ಟಿದವು. ಹದಿನಾರು ವರ್ಷದ ಹುಡುಗ ಹುಡುಗಿಯರು ಅರ್ಜಿಗಳನ್ನು ಓದಿ, ಅರ್ಜಿದಾರರನ್ನು ಪ್ರಶ್ನಿಸಿ, ಇದಕ್ಕೆ ಕೊಡೋಣ, ಇದಕ್ಕೆ ಬೇಡ ಎಂದು ವಾದಿಸುತ್ತಾರೆ. ನಮ್ಮ ಕೂಟದಲ್ಲಿ ಮಕ್ಕಳಿಗೆ ನಾವು ಕೊಡುವ ಅಧಿಕಾರವೆಂದರೆ ನಾಟಕದಲ್ಲಿ ಮರದ ಪಾತ್ರ, ಊಟದ ಸಾಲಿನಲ್ಲಿ ನೀರು ಹಂಚುವುದು. ಆಮೇಲೆ ಮಕ್ಕಳು ಕೂಟಕ್ಕೆ ಬರುವುದಿಲ್ಲವೆಂದು ಕೊರಗುತ್ತೇವೆ.

ಕೊನೆಯದಾಗಿ ನಮ್ಮ ಮನೆಯ ವಿಷಯ. ನಮ್ಮ ಕಡೆಯ ಒಂದು ಊರಿನ ಸಣ್ಣ ಆಸ್ಪತ್ರೆಯನ್ನು ನೋಡುವ ಅವಕಾಶ ಕೆಲವು ವರ್ಷಗಳ ಹಿಂದೆ ನನಗೆ ಬಂದಿತ್ತು. ಹೊರದೇಶದ ದಾನಿಗಳು ಕೊಟ್ಟ ಅಲ್ಟ್ರಾಸೌಂಡ್ ಯಂತ್ರಕ್ಕೆ ಪ್ಲಾಸ್ಟಿಕ್ ಹೊದಿಸಿ, ಮೇಲೆ ಅರಿಶಿನ ಕುಂಕುಮ ಹಚ್ಚಿ ಇಟ್ಟಿದ್ದರು. ಆಯುಧಪೂಜೆಗೆ ಹಚ್ಚಿದ್ದಂತೆ. ನಡೆಸಲು ಬರುತ್ತಿದ್ದ ಡಾಕ್ಟರು ವರ್ಗವಾಗಿ ಹೋಗಿದ್ದರು. ನಮ್ಮ ದೇಶದ ಕಾನೂನಿನಂತೆ ಅಂಥ ಯಂತ್ರಕ್ಕೆ ನೋಂದಣಿ ಬೇಕು, ಅರ್ಹತೆ ಇರುವವರೇ ಮುಟ್ಟಬೇಕು. ಇದು ಕೊಟ್ಟವರಿಗೆ ಗೊತ್ತಿತ್ತೋ ಇಲ್ಲವೋ. ಅಲ್ಲಿದ್ದ ಸಿಸ್ಟರ್ ನನ್ನನ್ನು ಕೇಳಿದ್ದು ಯಂತ್ರದ ಬಗ್ಗೆ ಅಲ್ಲವೇ ಅಲ್ಲ. ‘ಡಾಕ್ಟ್ರೇ, ಹುಟ್ಟಿದ ಮಗು ಉಸಿರಾಡದೆ ಇದ್ದರೆ ಏನು ಮಾಡಬೇಕು ಅಂತ ನಮಗೆ ಇನ್ನೊಂದು ಸಲ ಸರಿಯಾಗಿ ಕಲಿಸೋರು ಯಾರಾದ್ರೂ ಸಿಕ್ತಾರಾ?’ ಎಂದು ಕೇಳಿದರು.

ಈ ವರ್ಷ ನಮ್ಮ ಕೂಟದ ಸಮಿತಿಯ ಮುಂದೆ ಎರಡು ಮನವಿಗಳಿವೆ. ಒಂದು, ಹೆರಿಗೆ ವಾರ್ಡಿನ ಕಟ್ಟಡಕ್ಕೆ; ಗೋಡೆಯ ಮೇಲೆ ನಮ್ಮ ಕೂಟದ ಹೆಸರು ಹಾಕಿಸುತ್ತೇವೆಂದೂ ಬರೆದಿದ್ದಾರೆ. ಇನ್ನೊಂದು, ಅದೇ ತಾಲ್ಲೂಕಿನ ಎಂಟು ಮಂದಿ ನರ್ಸುಗಳನ್ನು ಮೂರು ತಿಂಗಳ ತರಬೇತಿಗೆ ಕಳುಹಿಸಲು. ಇದಕ್ಕೆ ಫೋಟೋ ಇಲ್ಲ, ನಕ್ಷೆ ಇಲ್ಲ, ಒಂದೇ ಪುಟ. ಎರಡಕ್ಕೂ ಸಾಲುವಷ್ಟು ಹಣ ನಮ್ಮಲ್ಲಿಲ್ಲ. ನನ್ನ ವೋಟು ಎರಡನೆಯದಕ್ಕೆ. ಜೊತೆಗೆ ಆ ಊರಿನವರಿಗೆ ಒಂದು ಕಾಗದ ಬರೆದು, ನರ್ಸುಗಳು ಹೋದ ಮೂರು ತಿಂಗಳು ಬದಲಿಗೆ ಬರುವವರ ಸಂಬಳದಲ್ಲಿ ಪಂಚಾಯಿತಿ ಎಷ್ಟು ಹಾಕುತ್ತದೆ, ನಾಲ್ಕನೆಯ ವರ್ಷ ನಾವು ಹಣ ನಿಲ್ಲಿಸಿದಾಗ ತರಬೇತಿಯನ್ನು ಯಾರು ಮುಂದುವರಿಸುತ್ತಾರೆ ಎಂದು ಈಗಲೇ ಕೇಳಬೇಕೆಂಬುದು ನನ್ನ ಸೂಚನೆ. ಸಮಿತಿಯಲ್ಲಿ ಕೆಲವರಿಗೆ ಇದು ಸರಿಬಂದಿಲ್ಲ. ದಾನ ಕೊಡುವಾಗ ಲೆಕ್ಕ ಕೇಳಿದರೆ ಊರಿನವರು ನೊಂದುಕೊಳ್ಳುತ್ತಾರೆ ಎನ್ನುತ್ತಾರೆ. ಅವರ ಮಾತಿನಲ್ಲೂ ಹುರುಳಿದೆ. ಅದಕ್ಕೇ ಕಾಗದವನ್ನು ಕನ್ನಡದಲ್ಲಿ, ಊರಿನ ಹಿರಿಯರನ್ನು ಬಲ್ಲವರ ಕೈಯಲ್ಲೇ ಬರೆಸೋಣ ಎಂದಿದ್ದೇನೆ. ವಾರ್ಷಿಕ ಸಭೆಯಲ್ಲಿ ಈ ವಿಷಯ ಊಟಕ್ಕೆ ಮುಂಚೆಯೇ ಚರ್ಚೆಗೆ ಬರುತ್ತದೆ. ದಯವಿಟ್ಟು ಹೊತ್ತಿಗೆ ಸರಿಯಾಗಿ ಬನ್ನಿ, ಹೈಸ್ಕೂಲಿನಲ್ಲಿರುವ ಮಕ್ಕಳನ್ನೂ ಕರೆತನ್ನಿ.